ಮೂವತ್ತೇಳನೆಯ ಬಿಲ್ಲೆ

ನಮ್ಮ ಕಂಟ್ರೋಲ್ ರೂಮಿನ ಗೋಡೆಗೆ ಒಂದು ಮರದ ಹಲಗೆ ಹೊಡೆದಿದ್ದಾರೆ. ಹಲಗೆಯ ತುಂಬ ಕೊಕ್ಕೆಗಳು, ಕೊಕ್ಕೆಗಳಿಗೆ ಹಿತ್ತಾಳೆಯ ಬಿಲ್ಲೆಗಳು, ಒಂದೊಂದು ಬಿಲ್ಲೆಯ ಮೇಲೆ ಒಬ್ಬೊಬ್ಬ ಮನುಷ್ಯನ ನಂಬರು. ಒಟ್ಟು ಮೂರು ಸಾಲು: ದಡ, ದೋಣಿ, ಗೋಪುರ. ನಲವತ್ತು ಕಿಲೋಮೀಟರು ದೂರದಲ್ಲಿ, ಕಡಲ ನಡುವೆ ನಮ್ಮ ಅರವತ್ತೆರಡು ಗಾಳಿಯಂತ್ರಗಳು ನಿಂತಿವೆ. ಅವುಗಳ ರಿಪೇರಿಗೆ ಹೋದವರು ಈ ಗಳಿಗೆಯಲ್ಲಿ ಎಲ್ಲಿದ್ದಾರೆ ಎಂಬುದು ಹಲಗೆಯ ಕಡೆ ಕಣ್ಣು ಹಾಯಿಸಿದರೆ ಗೊತ್ತಾಗಬೇಕು. ಎಂಟು ಕಂಪ್ಯೂಟರ್ ಪರದೆಗಳ ಮಧ್ಯೆ ಈ ಹಳೇ ಹಲಗೆ ಯಾಕೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ನಗುತ್ತಾರೆ. ಕರೆಂಟು ಹೋದರೂ ಹಲಗೆ ಹೋಗುವುದಿಲ್ಲ ಎಂದು ನಾನು ಗದರುತ್ತೇನೆ.

ಬಿಲ್ಲೆ ಸರಿಸುವುದಕ್ಕೆ ಇರುವುದು ಒಂದೇ ನಿಯಮ. ಗೋಪುರದ ಏಣಿ ಇಳಿದು ದೋಣಿಗೆ ಕಾಲಿಟ್ಟವನು ತನ್ನ ನಂಬರನ್ನು ರೇಡಿಯೋದಲ್ಲಿ ತಾನೇ ಹೇಳಬೇಕು, ತನ್ನ ಬಾಯಲ್ಲೇ. ಆ ದನಿ ಕಿವಿಗೆ ಬಿದ್ದ ಮೇಲೆ ನಾನು ಅವನ ಬಿಲ್ಲೆಯನ್ನು ಗೋಪುರದ ಸಾಲಿನಿಂದ ದೋಣಿಯ ಸಾಲಿಗೆ ಹಾಕಬೇಕು. ಎಲ್ಲರ ಬಿಲ್ಲೆಯೂ ಸರಿದ ಮೇಲಷ್ಟೇ ಯಂತ್ರವನ್ನು ಚಾಲೂ ಮಾಡಬೇಕು. ಈ ನಿಯಮ ಬರೆದವಳು ನಾನೇ. ಅದನ್ನು ಮುರಿದವಳೂ ನಾನೇ ಆದ್ದರಿಂದ ಇದನ್ನು ಹೇಳಬೇಕಾಗಿ ಬಂದಿದೆ.

ಹನ್ನೊಂದು ವರ್ಷ ನಾನೂ ಆ ಗೋಪುರಗಳನ್ನು ಹತ್ತಿ ಇಳಿದವಳು. ಮೊಣಕಾಲು ಕೈಕೊಟ್ಟ ಮೇಲೆ ದಡಕ್ಕೆ ಬಂದು ಡ್ಯೂಟಿ ಎಂಜಿನಿಯರ್ ಕುರ್ಚಿಯಲ್ಲಿ ಕೂತೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೆಲಸದವರು ಬೆನ್ನ ಹಿಂದೆ ನನ್ನನ್ನು ‘ಸೈರನ್’ ಎನ್ನುತ್ತಾರೆ. ಕೇಳಿಸಿಯೂ ಕೇಳಿಸದ ಹಾಗೆ ಇರುತ್ತೇನೆ, ಯಾಕೆಂದರೆ ಹೆಸರು ಒಪ್ಪುವಂತೆಯೇ ಇದೆ.

ಮೂವತ್ತೇಳನೆಯ ಬಿಲ್ಲೆ ನನ್ನ ಮೈದುನನದು. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಹತ್ತು ವರ್ಷ. ಮಾವ ಆಗಲೇ ತೀರಿಕೊಂಡಿದ್ದರು. ನಾನು ಕೆಲಸದಿಂದ ಬಂದ ಕೂಡಲೇ ನನ್ನ ಹೆಲ್ಮೆಟ್ಟು ಕಿತ್ತುಕೊಂಡು, ತನ್ನ ತಲೆಗೆ ಹಾಕಿಕೊಂಡು, ಅಟ್ಟದ ಏಣಿ ಹತ್ತಿ ಕೂರುತ್ತಿದ್ದ. ಓದು ಮುಗಿಸಿದವನು ನೇರ ನಮ್ಮಲ್ಲಿಗೇ ಟೆಕ್ನಿಷಿಯನ್ ಆಗಿ ಬಂದ. ಎತ್ತರವೆಂದರೆ ಅವನಿಗೆ ಲೆಕ್ಕಕ್ಕಿಲ್ಲ, ಕೈ ಬಲು ಚುರುಕು. ಇರುವುದು ಒಂದೇ ಐಬು. ದೋಣಿ ಹತ್ತಿದ ಐದು ನಿಮಿಷಕ್ಕೆ ಹೊಟ್ಟೆ ತೊಳಸಿ ಬಕೆಟ್ಟಿಗೆ ಮುಖ ಹಾಕುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ‘ಬಕೆಟ್’ ಎಂದೇ ಕರೆಯುವುದು. ಹೊಸಬರು ಇದನ್ನು ಕೇಳಿ, ಓಹೋ, ಮೇಡಂ ಮೈದುನ ಅಲ್ಲವೇ, ಬಕೆಟ್ ಹಿಡಿದೇ ಕೆಲಸ ಗಿಟ್ಟಿಸಿರಬೇಕು ಎಂದುಕೊಳ್ಳುತ್ತಾರೆ. ಅವನು ಹಿಡಿಯುವುದು ನಿಜವಾದ ಪ್ಲಾಸ್ಟಿಕ್ ಬಕೆಟ್ಟು.

ಆದರೆ ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಮನೆಯವನೆಂದು ಸಡಿಲ ಬಿಟ್ಟಳು ಅನ್ನಿಸಿಕೊಳ್ಳಬಾರದೆಂದು ಅವನ ಮೇಲೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಬಿಗಿ ಮಾಡಿದೆ. ಮೇಲೆ ಒಯ್ದ ಸಲಕರಣೆಯಲ್ಲಿ ಒಂದೇ ಒಂದು ಸ್ಪ್ಯಾನರ್ ಕಡಿಮೆಯಾದರೂ ನಮ್ಮಲ್ಲಿ ದೊಡ್ಡ ತಪ್ಪು. ತಿರುಗುವ ಯಂತ್ರದೊಳಗೆ ಬಿಟ್ಟ ಕಬ್ಬಿಣದ ತುಂಡು ಏನನ್ನಾದರೂ ಪುಡಿಮಾಡಬಲ್ಲದು. ಅಂಥ ತಪ್ಪಿಗೆ ಮೂರು ತಿಂಗಳಲ್ಲಿ ಎರಡು ಸಲ ಅವನ ಹೆಸರಿಗೆ ಎಚ್ಚರಿಕೆಯ ಪತ್ರ ಬರೆದೆ. ಬೇರೆ ಯಾರಾದರೂ ಆಗಿದ್ದರೆ ಮೊದಲ ಸಲ ಬಾಯಲ್ಲಿ ಬೈದು ಬಿಡುತ್ತಿದ್ದೆನೋ ಏನೋ. ಮೂರನೆಯ ಪತ್ರ ಬಂದರೆ ಒಂದು ವರ್ಷ ಕಡಲಿಗೆ ಹೋಗುವಂತಿಲ್ಲ, ಗೋದಾಮಿನಲ್ಲಿ ಬೋಲ್ಟು ಎಣಿಸಿಕೊಂಡು ಇರಬೇಕು. ಎರಡನೆಯ ಪತ್ರದ ಮೇಲೆ ಅವನು ಮನೆಯಲ್ಲಿ ನನ್ನೊಂದಿಗೆ ಮಾತು ಬಿಟ್ಟ. ಊಟಕ್ಕೆ ಕೂತಾಗ “ಅತ್ತಿಗೆ, ಉಪ್ಪು” ಅನ್ನುತ್ತಿದ್ದ, ಅಷ್ಟೇ.

ಒಂದು ಕಡೆ ಇಷ್ಟು ಬಿಗಿಯಾಗಿದ್ದವಳು ಇನ್ನೊಂದು ಕಡೆ ಅವನನ್ನು ಮುದ್ದು ಮಾಡಿಬಿಟ್ಟಿದ್ದೆ, ಅದೂ ನನಗೇ ಅರಿವಿಲ್ಲದೆ. ದೋಣಿಗೆ ಇಳಿದ ಕೂಡಲೇ ಬಕೆಟ್ಟಿಗೆ ಬಗ್ಗುವವನ ಕೈಗೆ ರೇಡಿಯೋ ಕೊಟ್ಟು ನಂಬರು ಹೇಳು ಎನ್ನುವುದು ಹೇಗೆ? ಅವನ ಜೊತೆಗಾರ ಉದ್ದಣ್ಣ ಇದ್ದಾನಲ್ಲ, ಬಾಗಿಲಿಗೆ ತಲೆ ತಾಗುವಷ್ಟು ಉದ್ದ ಇರುವವನು, ಅವನೇ ಹೇಳುತ್ತಿದ್ದ: “ಇಪ್ಪತ್ನಾಲ್ಕು ಇಳ್ದೆ. ಮೂವತ್ತೇಳೂ ಇಳ್ದ ಮೇಡಂ, ಬಕೆಟ್ ಜೊತೆ ಮಾತುಕತೆ ನಡೀತಿದೆ.” ನಾನು ನಕ್ಕು ಎರಡು ಬಿಲ್ಲೆಗಳನ್ನೂ ಸರಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಅವತ್ತು ಹದಿನೇಳನೆಯ ಯಂತ್ರದ ಕೆಲಸ. ಅದು ಕೆಟ್ಟು ನಿಂತು ಮೂರು ದಿನವಾಗಿತ್ತು. ಮಧ್ಯಾಹ್ನ ಮೂರರೊಳಗೆ ಚಾಲೂ ಮಾಡುತ್ತೇವೆಂದು ಸಾಹೇಬರು ವಿದ್ಯುತ್ ಜಾಲದವರಿಗೆ ಮಾತು ಕೊಟ್ಟು ಕೂತಿದ್ದರು. ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ ಹೇಳಿದ ಹೊತ್ತು ಹತ್ತಿರ ಬಂದರೆ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಪೆನ್ನಿನ ತಲೆಯನ್ನು ಟಿಕ್ ಟಿಕ್ ಅನ್ನಿಸುತ್ತಾರೆ. ಗಾಳಿ ಏಳತೊಡಗಿತ್ತು. ಅಲೆ ಒಂದೂವರೆ ಮೀಟರು ದಾಟಿದರೆ ದೋಣಿಯಿಂದ ಏಣಿಗೆ ಕಾಲಿಡುವಂತಿಲ್ಲ. ಎರಡು ಗಂಟೆಗೆ ಅದು ಒಂದು ಮೀಟರು ಇಪ್ಪತ್ತು ಇತ್ತು, ಎರಡೂವರೆಗೆ ಮೂವತ್ತೈದು.

ಎರಡು ಮೂವತ್ತಮೂರಕ್ಕೆ ತಂಡದ ಹಿರಿಯ, ನಾವೆಲ್ಲ ಮೇಸ್ತ್ರಿ ಎನ್ನುವವರು, ರೇಡಿಯೋಗೆ ಬಂದರು. “ಹನ್ನೊಂದು ಇಳ್ದೆ ಮೇಡಂ. ಕೆಲಸ ಮುಗೀತು, ಬೀಗ ಎಲ್ಲಾ ತೆಗೆದಾಯ್ತು. ಯಂತ್ರ ಇನ್ನು ನಿಮ್ದು.” ಒಳಗೆ ಕೆಲಸ ಮಾಡುವ ಒಬ್ಬೊಬ್ಬರೂ ಯಂತ್ರ ಚಾಲೂ ಆಗದ ಹಾಗೆ ತಮ್ಮದೊಂದು ಬೀಗ ಹಾಕಿರುತ್ತಾರೆ, ಅವು ಆ ಬೀಗಗಳು.

“ಇಪ್ಪತ್ನಾಲ್ಕು ಇಳ್ದೆ,” ಅಂದ ಉದ್ದಣ್ಣ. “ಮೂವತ್ತೇಳು ಕ್ಯಾಬಿನ್ನಲ್ಲಿ ಮಲಗ್ಬಿಟ್ಟಿದೆ. ಇವತ್ತು ಮಾತುಕತೆ ಜೋರು.”

“ದೋಣಿಯಲ್ಲಿ ಎಂಟು ತಲೆ, ಬೆಳಿಗ್ಗೆ ಬಂದಷ್ಟೇ, ಸರಿ ಇದೆ,” ಅಂದರು ದೋಣಿಯ ಕ್ಯಾಪ್ಟನ್. “ಹೊರಡ್ತಿದೀವಿ.”

ನಾನು ಮೂರು ಬಿಲ್ಲೆಗಳನ್ನು ಸರಿಸಿದೆ. ಹಿಂದೆ ಪೆನ್ನು ಟಿಕ್ ಅನ್ನುತ್ತಿತ್ತು. ಎರಡು ಮೂವತ್ತೈದಕ್ಕೆ ಚಾಲೂ ಮಾಡುವ ಗುಂಡಿ ಒತ್ತಿದೆ.

ಆ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹೇಳಬೇಕು. ಗೋಪುರದ ತುದಿಯಲ್ಲಿ ಬಸ್ಸಿನಷ್ಟು ದೊಡ್ಡ ಯಂತ್ರದ ಕೋಣೆ ಇದೆ. ಅದರ ಮೂತಿಗೆ ಮೂರು ರೆಕ್ಕೆಗಳು ಬಂದು ಸೇರುವ ಉಕ್ಕಿನ ಗುಡಾಣ. ಅದನ್ನು ಹಬ್ ಎನ್ನುತ್ತೇವೆ. ಕಿಂಡಿಯಲ್ಲಿ ಬಗ್ಗಿ ತೂರಿ ಅದರೊಳಗೆ ಹೋಗಿ ಕೆಲಸ ಮಾಡಬೇಕು. ಯಂತ್ರ ತಿರುಗಿದರೆ ಹಬ್ ತಿರುಗುತ್ತದೆ, ಒಳಗೆ ಇರುವುದೆಲ್ಲವೂ ತಿರುಗುತ್ತದೆ. ಸಾಲದ್ದಕ್ಕೆ ಒಂದೊಂದು ರೆಕ್ಕೆಯೂ ತನ್ನ ಬುಡದಲ್ಲಿ ಹೊರಳುತ್ತದೆ: ಗಾಳಿ ಹಿಡಿಯಲು ಒಂದು ಕಡೆಗೆ, ಗಾಳಿ ಬಿಡಲು ಇನ್ನೊಂದು ಕಡೆಗೆ. ಹೊರಳುವಾಗ ರೆಕ್ಕೆಯ ಬುಡಕ್ಕೂ ಚೌಕಟ್ಟಿಗೂ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ, ವಾಪಸ್ಸು ಬಂದಾಗ ಮುಚ್ಚಿಕೊಳ್ಳುತ್ತದೆ. ಆ ಸಂದಿನಲ್ಲಿ ಸಿಕ್ಕ ಗ್ರೀಸ್ ಗನ್ನೊಂದು ಅಪ್ಪಚ್ಚಿಯಾಗಿದ್ದನ್ನು ನಾನೇ ನೋಡಿದ್ದೇನೆ. ಗುಂಡಿ ಒತ್ತಿದ ಮೊದಲ ಐದಾರು ನಿಮಿಷ ಯಂತ್ರದೊಳಗಿನ ಕಂಪ್ಯೂಟರುಗಳು ಒಂದನ್ನೊಂದು ವಿಚಾರಿಸಿಕೊಳ್ಳುತ್ತವೆ. ಆಗ ಸದ್ದೂ ಇಲ್ಲ, ಅಲುಗಾಟವೂ ಇಲ್ಲ. ಒಳಗೆ ಯಾರಾದರೂ ಇದ್ದರೆ ಯಂತ್ರ ಮಲಗಿದೆ ಎಂದೇ ತಿಳಿಯುತ್ತಾರೆ. ಆಮೇಲೆ ರೆಕ್ಕೆಗಳು ಹೊರಳುತ್ತವೆ, ಹಬ್ ತಿರುಗತೊಡಗುತ್ತದೆ.

ಎರಡು ನಲವತ್ತೊಂದಕ್ಕೆ ಪರದೆಯ ಮೇಲೆ ಹದಿನೇಳು ಹಸಿರಾಯಿತು. ನಿಮಿಷಕ್ಕೆ ಒಂದು ಸುತ್ತು, ಎರಡು ಸುತ್ತು. ಸಾಹೇಬರು ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಎರಡು ನಲವತ್ತನಾಲ್ಕಕ್ಕೆ ರೇಡಿಯೋ. ಕ್ಯಾಪ್ಟನ್ ದನಿ.

“ಮೇಡಂ, ಕ್ಯಾಬಿನ್ನಲ್ಲಿ ಮಲಗಿರೋದು ಬಕೆಟ್ ಅಲ್ಲ.”

“ಅಂದ್ರೆ?”

“ಬಣ್ಣ ನೋಡೋರು ಮೇಡಂ. ಇನ್ನೊಂದು ದೋಣಿ ಬೇಗ ಹೊರಟಿತು ಅಂತ ಮಧ್ಯಾಹ್ನ ನಮ್ಮ ದೋಣಿಗೆ ಹತ್ಕೊಂಡಿದ್ರು. ಕಂಬಳಿ ಮುಸುಕು ಹಾಕ್ಕೊಂಡು ಮಲಗಿದ್ರು, ಪಕ್ಕದಲ್ಲಿ ಬಕೆಟ್ ಇತ್ತು. ನಾನು ತಲೆ ಎಣಿಸ್ದೆ. ಎಂಟಾಯ್ತು. ಇವರು ಸೇರಿ ಒಂಬತ್ತು ಆಗ್ಬೇಕಿತ್ತು ಅನ್ನೋದು ಮರೆತೆ. ಮುಖ ನೋಡ್ಲಿಲ್ಲ.”

ಗೋಪುರಗಳ ಬಣ್ಣ ಎಲ್ಲಿ ಕಿತ್ತಿದೆ, ಎಲ್ಲಿ ತುಕ್ಕು ಹಿಡಿದಿದೆ ಎಂದು ನೋಡಲು ಹೊರಗಿನಿಂದ ಬಂದಿದ್ದ ಮನುಷ್ಯ ಆತ. ಆತನ ಬಿಲ್ಲೆ ಇನ್ನೂ ಬೇರೆ ದೋಣಿಯ ಕೊಕ್ಕೆಯಲ್ಲೇ ನೇತಾಡುತ್ತಿತ್ತು.

“ಮೇಸ್ತ್ರಿಗೆ ಕೊಡಿ.”

“ಮೇಡಂ, ನಾವಿಬ್ರೂ ಬ್ಯಾಗು ಇಳಿಸ್ತಿದ್ವಿ,” ಮೇಸ್ತ್ರಿಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ನೀನು ಮೊದ್ಲು ಇಳಿಯಪ್ಪ, ದೋಣಿ ಕುಣೀತಿದೆ ಅಂದೆ. ಹೂಂ ಅಂದ. ತಿರುಗಿ ನೋಡಿದ್ರೆ ಇರ್ಲಿಲ್ಲ. ಇಳ್ದ ಅಂದ್ಕೊಂಡು ಬಾಗಿಲು ಎಳ್ಕೊಂಡು ಬಂದೆ. ಅವನ ಬೀಗದ ಕೈ ಕೂಡ ಉದ್ದಣ್ಣನ ಹತ್ರಾನೇ ಇತ್ತು, ಅವನ ಬೀಗಾನೂ ಉದ್ದಣ್ಣನೇ ತೆಗೆದಿದ್ದ.”

“ರೇಡಿಯೋ?”

“ಅವನ ಬ್ಯಾಗಲ್ಲಿದೆ. ಬ್ಯಾಗು ಇಲ್ಲಿದೆ.”

ಕಡಲಿಗೆ ಬಿದ್ದನೇ, ಗೋಪುರದಲ್ಲಿದ್ದಾನೇ? ನನ್ನ ಕೈ ತಾನಾಗಿಯೇ ಗೋಪುರದ ಬುಡದ ಕ್ಯಾಮರಾ ತೆರೆಯಿತು. ಒಳಬಾಗಿಲ ಪಕ್ಕದಲ್ಲಿ ಲಿಫ್ಟು ನಿಲ್ಲುವ ಜಾಗ. ಅಲ್ಲಿ ಲಿಫ್ಟ್ ಇರಲಿಲ್ಲ.

“ಮೇಸ್ತ್ರಿ, ಲಿಫ್ಟ್ ಎಲ್ಲಿ ಬಿಟ್ರಿ?”

“ಕೆಳಗೇ ಮೇಡಂ. ಅದ್ರಲ್ಲೇ ಇಳ್ದಿದ್ದು.”

“ಸಲಕರಣೆ ಎಣಿಸಿದ್ರಾ?”

“ಎಣಿಸಿದ್ವಿ. ಅವನ ಲೆಕ್ಕದಲ್ಲಿ ಬೋಲ್ಟು ಬಿಗಿಸೋ ಸಾಕೆಟ್ ಒಂದು ಕಡಿಮೆ ಇತ್ತು. ಜೇಬಲ್ಲಿದೆ ಅಂದ.”

ಜೇಬಿನಲ್ಲಿ ಇರಲಿಲ್ಲ. ಇದ್ದದ್ದು ಹಬ್‌ನೊಳಗೆ, ಬೆಳಿಗ್ಗೆ ಅವನು ಕೆಲಸ ಮಾಡಿದ ಕಡೆ. ಮೂರನೆಯ ಪತ್ರ ಬರೆಯುವ ಅತ್ತಿಗೆಗೆ ಹೆದರಿ, ಹತ್ತು ನಿಮಿಷದಲ್ಲಿ ಹೋಗಿ ತಂದುಬಿಡೋಣ ಎಂದು ಲಿಫ್ಟು ಹತ್ತಿದ್ದ. ಅವನು ಮೇಲೆ ಹೋಗುತ್ತಿದ್ದಾಗ ನಾನು ಇಲ್ಲಿ ಬಿಲ್ಲೆ ಸರಿಸುತ್ತಿದ್ದೆ.

“ಎಮರ್ಜೆನ್ಸಿ ಒತ್ತಿ!” ಸಾಹೇಬರು ಕೂಗಿದರು.

ನನ್ನ ಮೇಜಿನ ಬಲತುದಿಯಲ್ಲಿ ಗಾಜಿನ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇದೆ. ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ, ಯಂತ್ರದೊಳಗೆ ಮನುಷ್ಯ ಇರಬಹುದೆಂಬ ಅನುಮಾನ ಬಂದರೂ ಸಾಕು, ಒತ್ತಬೇಕು. ಮುಚ್ಚಳ ಎತ್ತಿ ಬೆರಳಿಟ್ಟೂ ಬಿಟ್ಟಿದ್ದೆ. ಆಗ ಆ ಗ್ರೀಸ್ ಗನ್ ಕಣ್ಣ ಮುಂದೆ ಬಂತು. ಕೆಂಪು ಗುಂಡಿ ಒತ್ತಿದರೆ ಮೊದಲು ಆಗುವುದೇ ಅದು. ಮೂರು ರೆಕ್ಕೆಗಳೂ ಒಂದೇ ರಭಸದಲ್ಲಿ ವಾಪಸ್ಸು ಹೊರಳುತ್ತವೆ, ಹತ್ತು ಸೆಕೆಂಡಿನಲ್ಲಿ ಸಂದುಗಳು ಮುಚ್ಚುತ್ತವೆ. ಹಬ್ ತಿರುಗಿದಾಗ ಒಳಗಿದ್ದವನು ಆಯತಪ್ಪಿ ಜಾರಿದ್ದರೆ, ಕಾಲೋ ಕೈಯೋ ಸಂದಿನಲ್ಲಿ ಇದ್ದರೆ?

ಬೆರಳು ತೆಗೆದು ಮುಚ್ಚಳ ಹಾಕಿದೆ. ರೆಕ್ಕೆಗಳು ಇದ್ದ ಕೋನದಲ್ಲೇ ಇರಲಿ ಎಂದು ಆಜ್ಞೆ ಕೊಟ್ಟೆ.

“ಏನ್ಮಾಡ್ತಿದೀರಿ ನೀವು?” ಸಾಹೇಬರ ಮುಖ ಬಿಳಿಚಿಕೊಂಡಿತ್ತು.

“ಯಂತ್ರದ ಮುಖ ತಿರುಗಿಸ್ತೀನಿ ಸಾರ್. ಗಾಳಿಗೆ ಬೆನ್ನು, ಅಲ್ಲ, ಪಕ್ಕ ಕೊಟ್ಟು ನಿಲ್ಲಿಸ್ತೀನಿ. ರೆಕ್ಕೆಗೆ ಗಾಳಿ ಸಿಗ್ಲಿಲ್ಲ ಅಂದ್ರೆ ತಾನೇ ನಿಲ್ಲುತ್ತೆ. ಸಂದು ಅಲುಗಲ್ಲ.”

“ಎಷ್ಟು ಹೊತ್ತು?”

“ಮೂರ್ನಾಲ್ಕು ನಿಮಿಷ.”

“ನಾಲ್ಕು ನಿಮಿಷ ಒಳಗೆ ತಿರುಗ್ತಾ ಇರ್ಬೇಕಾ ಅವನು? ತಲೆ ಒಡೆದು ಸಾಯ್ತಾನಲ್ರೀ!”

ಅದು ನಿಜವೂ ಆಗಿರಬಹುದಿತ್ತು. ಅವನು ಎಲ್ಲಿಯೂ ಸಿಕ್ಕಿಕೊಳ್ಳದೆ ಬರೀ ಉರುಳುತ್ತಿದ್ದರೆ, ಒಂದೊಂದು ಸುತ್ತಿಗೂ ಉಕ್ಕಿಗೆ ತಲೆ ಬಡಿಯುತ್ತಿದ್ದರೆ, ಕೆಂಪು ಗುಂಡಿಯೇ ಸರಿ. ಸಿಕ್ಕಿಕೊಂಡಿದ್ದರೆ ಅದೇ ಅವನ ಮೃತ್ಯು. ಯಾವುದೆಂದು ಹೇಳುವ ಕ್ಯಾಮರಾ ಹಬ್‌ನೊಳಗೆ ಇಲ್ಲ.

“ಹಬ್‌ನೊಳಗೂ ಒಂದು ಕೆಂಪು ಗುಂಡಿ ಇದೆಯಲ್ಲ,” ಅಂದರು ಸಾಹೇಬರು. “ಅವನೇ ಯಾಕೆ ಒತ್ತಿಲ್ಲ?”

“ಅದಕ್ಕೇ ಸಾರ್. ಆರಾಮಾಗಿದ್ದಿದ್ರೆ ಒತ್ತಿರ್ತಿದ್ದ.”

ಸಾಹೇಬರು ಮುಂದೆ ಬಾಗಿ ಗಾಜಿನ ಮುಚ್ಚಳದತ್ತ ಕೈ ಚಾಚಿದರು. ನಾನು ನನ್ನ ಎಡಗೈಯನ್ನು ಅದರ ಮೇಲೆ ಅಡ್ಡ ಹಾಕಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಯ ಕೈ ತಡೆದದ್ದು ಅದೊಂದೇ ಸಲ.

“ಕೈ ತೆಗೀರಿ.”

“ತೆಗೆಯಲ್ಲ ಸಾರ್. ಡ್ಯೂಟಿ ನಂದು. ಅವನು ಸತ್ರೆ ನಾನೇ ಕೊಂದೆ ಅಂತ ಬರ್ಕೊಳ್ಳಿ.”

ಅವರು ನನ್ನ ಮುಖ ನೋಡಿದರು. ಪಕ್ಕದ ಕುರ್ಚಿ ಎಳೆದು ಕೂತರು. ಆ ಮನುಷ್ಯನ ಬಗ್ಗೆ ನಾನು ಹಿಂದೆ ಆಡಿದ ಎಷ್ಟೋ ಮಾತುಗಳನ್ನು ಆ ಒಂದು ಗಳಿಗೆಗಾಗಿ ವಾಪಸ್ಸು ತೆಗೆದುಕೊಂಡಿದ್ದೇನೆ.

ಬಸ್ಸಿನಷ್ಟು ದೊಡ್ಡ ಕೋಣೆ ಗೋಪುರದ ನೆತ್ತಿಯ ಮೇಲೆ ನಿಧಾನವಾಗಿ ಹೊರಳತೊಡಗಿತು. ಪರದೆಯ ಮೇಲೆ ಎರಡು ಅಂಕಿಗಳು: ಒಂದು ಯಂತ್ರದ ಮುಖ ಗಾಳಿಯಿಂದ ಎಷ್ಟು ಡಿಗ್ರಿ ಸರಿಯಿತು, ಇನ್ನೊಂದು ನಿಮಿಷಕ್ಕೆ ಎಷ್ಟು ಸುತ್ತು. ಹತ್ತು ಡಿಗ್ರಿ, ಮೂರು ಸುತ್ತು. ಆಮೇಲೆ ನಾನು ಹೆದರಿದ್ದೇ ಆಯಿತು. ಕಡಲ ಮೇಲೆ ಗಾಳಿ ಒಮ್ಮೆಲೇ ಬೀಸಿತು. ಇಪ್ಪತ್ತು ಡಿಗ್ರಿ, ನಾಲ್ಕೂವರೆ ಸುತ್ತು. ಮೂವತ್ತು ಡಿಗ್ರಿ, ಆರು ಸುತ್ತು.

ಎಂಟು ಸುತ್ತು ದಾಟಿದರೆ ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಚಾಲೂ ಆಗುವ ಹಂತದಲ್ಲಿ ಅಷ್ಟು ವೇಗ ಕಂಡರೆ ಯಂತ್ರ ತನ್ನಷ್ಟಕ್ಕೆ ತಾನೇ ಹೆದರಿ ರೆಕ್ಕೆಗಳನ್ನು ವಾಪಸ್ಸು ಎಳೆದುಕೊಳ್ಳುತ್ತದೆ. ಅದನ್ನು ತಡೆಯುವ ಅಧಿಕಾರ ದಡದಲ್ಲಿ ಕೂತ ಯಾರಿಗೂ ಇಲ್ಲ.

ಆರೂವರೆ. ಏಳು.

“ಮೇಡಂ, ದೋಣಿ ತಿರುಗಿಸಿದೀನಿ, ಹತ್ತು ನಿಮಿಷದಲ್ಲಿ ಬುಡಕ್ಕೆ ಬರ್ತೀವಿ,” ಅಂದರು ಕ್ಯಾಪ್ಟನ್. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಏಳು ಪಾಯಿಂಟ್ ಮೂರು. ನಲವತ್ತೈದು ಡಿಗ್ರಿ. ಏಳು ಪಾಯಿಂಟ್ ಆರು. ಹೆಲ್ಮೆಟ್ಟು ಹಾಕಿಕೊಂಡು ಅಟ್ಟದ ಮೇಲೆ ಕೂತ ಹತ್ತು ವರ್ಷದವನನ್ನು ನಾನೇ ಹಿಡಿದು ಗಾಣಕ್ಕೆ ಹಾಕಿ ಅರೆಯುತ್ತಿದ್ದೇನೆ ಅನ್ನಿಸಿತು. ಏಳು ಪಾಯಿಂಟ್ ಎಂಟು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಐವತ್ತೈದು ಡಿಗ್ರಿ. ಏಳು ಪಾಯಿಂಟ್ ಎಂಟು. ಅರವತ್ತು.

ಏಳು ಪಾಯಿಂಟ್ ಐದು.

ಅಲ್ಲಿಂದ ಅದು ಇಳಿಯಿತು. ಆರು, ನಾಲ್ಕು, ಎರಡು. ಎಂಬತ್ತೆಂಟು ಡಿಗ್ರಿಗೆ ಬಂದಾಗ ಅರ್ಧ ಸುತ್ತು. ಆಗ ಬ್ರೇಕನ್ನು ಮೆಲ್ಲಗೆ, ಮಲಗಿಸಿದ ಕೂಸಿಗೆ ಹೊದಿಕೆ ಹೊದಿಸುವಷ್ಟು ಮೆಲ್ಲಗೆ ಹಾಕಿದೆ. ಸೊನ್ನೆ. ಗಡಿಯಾರದಲ್ಲಿ ಎರಡು ಐವತ್ತು.

ನಿಂತದ್ದೇನೋ ನಿಂತಿತು. ಒಳಗೆ ಏನಿದೆ ಎಂದು ಯಾರಿಗೆ ಗೊತ್ತು?

ದೋಣಿ ಗೋಪುರದ ಬುಡ ಮುಟ್ಟಿದಾಗ ಅಲೆ ಒಂದು ಮೀಟರು ಅರವತ್ತು. ಏಣಿಗೆ ಹೋಗಬಾರದು. ಹೋಗಿ ಎಂದು ನಾನು ಹೇಳುವಂತಿಲ್ಲ, ಹೋಗಬೇಡಿ ಎಂದು ಹೇಳಲು ಬಾಯಿ ಬರಲಿಲ್ಲ.

“ನೀವು ಏನೂ ಹೇಳ್ಬೇಡಿ ಮೇಡಂ,” ಅಂದರು ಕ್ಯಾಪ್ಟನ್. “ದೋಣಿ ನಂದು. ತೀರ್ಮಾನಾನೂ ನಂದೇ.” ಎಂಜಿನ್ ಮೊರೆಯುವುದು ಕೇಳಿಸಿತು. ಅಲೆ ಇಳಿಯುವುದನ್ನೇ ಕಾದು ಮೇಸ್ತ್ರಿ ಏಣಿಗೆ ಹಾರಿದರು. ಹಿಂದೆಯೇ ಉದ್ದಣ್ಣ. ಇಬ್ಬರೂ ತಮ್ಮ ತಮ್ಮ ನಂಬರು ಕೂಗಿ ಹೇಳಿದರು. ಅವರ ಬಿಲ್ಲೆಗಳನ್ನು ಗೋಪುರದ ಸಾಲಿಗೆ ಹಾಕಿದೆ. ಮೂವತ್ತೇಳನ್ನೂ ದೋಣಿಯ ಸಾಲಿನಿಂದ ತೆಗೆದು ಅವರ ಪಕ್ಕದಲ್ಲಿ ಹಾಕಿದೆ.

ಲಿಫ್ಟ್ ಮೇಲಿತ್ತು, ಕೆಳಗಿನಿಂದ ಕರೆದರೆ ಬರುವಂಥದ್ದಲ್ಲ. ಎಂಬತ್ತು ಮೀಟರು ಏಣಿ ಹತ್ತಬೇಕಾಯಿತು. ಮೇಸ್ತ್ರಿಗೆ ಐವತ್ತಮೂರು ವರ್ಷ. ಹದಿನಾಲ್ಕು ನಿಮಿಷ ರೇಡಿಯೋದಲ್ಲಿ ಅವರ ಉಸಿರಾಟವೊಂದೇ ಕೇಳುತ್ತಿತ್ತು. ಆಮೇಲೆ ಕಬ್ಬಿಣದ ಕಿಂಡಿ ತೆರೆದ ಸದ್ದು.

“ಮೇಡಂ,” ಅಂದರು.

“ಮೇಸ್ತ್ರಿ, ಹೇಳಿ.”

“ಇದ್ದಾನೆ ಮೇಡಂ. ಜೀವ ಇದೆ. ಕಣ್ಣು ಬಿಟ್ಟಿದ್ದಾನೆ.” ಮೇಸ್ತ್ರಿ ಅಳುತ್ತಿದ್ದರು. “ಬಲಗಾಲು ತೊಡೆಯವರೆಗೂ ಎರಡನೇ ರೆಕ್ಕೆ ಸಂದಲ್ಲಿ ಹೋಗಿದೆ. ರೆಕ್ಕೆ ಒಂಚೂರು ವಾಪಸ್ ಬಂದಿದ್ರೂ…”

ಕೈಯಿಂದ ತಿರುಗಿಸುವ ಹಿಡಿಕೆ ಹಾಕಿ ರೆಕ್ಕೆಯನ್ನು ಕೂದಲೆಳೆಯಷ್ಟು ಮುಂದೆ ಹೊರಳಿಸಿ ಕಾಲು ಬಿಡಿಸಿದರು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು, ಮೈಯೆಲ್ಲ ಜಜ್ಜಿತ್ತು, ಕಾಲು ಉಳಿದಿತ್ತು. ಸಂಜೆ ಐದಕ್ಕೆ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಯಿತು.

ಎಲ್ಲ ಮುಗಿದ ಮೇಲೆ ಸಾಹೇಬರು ನನಗೆ ನೀರು ತಂದುಕೊಟ್ಟರು. “ನೀವು ಒತ್ತದೇ ಇದ್ದಿದ್ದಕ್ಕೆ ಅವನ ಕಾಲು ಉಳೀತು, ಜೀವಾನೂ ಉಳೀತು. ಮೇಲಿನವರಿಗೆ ನಾನೇ ಹೇಳ್ತೀನಿ.” ದನಿ ತಗ್ಗಿಸಿದರು. “ರಿಪೋರ್ಟಲ್ಲಿ, ಉದ್ದಣ್ಣ ತಪ್ಪು ಮಾಹಿತಿ ಕೊಟ್ಟ, ಅದರ ಮೇಲೆ ನೀವು ಬಿಲ್ಲೆ ಸರಿಸಿದ್ರಿ ಅಂತ ಬರೆದ್ರೆ ಸಾಕು. ಅದು ಸುಳ್ಳಂತೂ ಅಲ್ಲ.”

ಸುಳ್ಳಲ್ಲ ನಿಜ. ಆದರೆ ಉದ್ದಣ್ಣನ ಬಾಯಿಗೆ ಆ ರೂಢಿ ಹಾಕಿದವಳು ಯಾರು? ಎರಡು ವರ್ಷ ನಕ್ಕೂ ನಕ್ಕೂ ಒಪ್ಪಿಕೊಂಡವಳು ಯಾರು? ‘ಮೂವತ್ತೇಳರ ದನಿ ನಾನು ಕೇಳಲಿಲ್ಲ, ಕೇಳದೆ ಬಿಲ್ಲೆ ಸರಿಸಿದೆ, ಕೇಳದೆ ಯಂತ್ರ ಚಾಲೂ ಮಾಡಿದೆ’ ಎಂದು ಬರೆದು ಸಹಿ ಹಾಕಿ ಅವರ ಕೈಗೆ ಕೊಟ್ಟೆ. ಓದಿ ನಿಟ್ಟುಸಿರು ಬಿಟ್ಟರು. ನನ್ನನ್ನು ಡ್ಯೂಟಿಯಿಂದ ಇಳಿಸುವ ಕಾಗದವನ್ನು ಅವರೇ ಟೈಪು ಮಾಡಬೇಕಾಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ನಮ್ಮ ಯಜಮಾನರು ಡಾಕ್ಟರ ಹತ್ತಿರ ಮಾತಾಡುತ್ತಿದ್ದರು. ನಮ್ಮತ್ತೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎರಡೂ ಕೈ ಹಿಡಿದುಕೊಂಡರು.

“ನಿನ್ನ ಆಫೀಸರು ಫೋನ್ ಮಾಡಿದ್ರು ಕಣೇ. ನಿನ್ನಿಂದ ಉಳಿದ ಅಂತ. ಹೆತ್ತೋಳು ನಾನು, ಬದುಕಿಸಿದೋಳು ನೀನು.”

ಅವರು ಆ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳಲು ಹೊರಟಾಗ ನನಗೆ ತಡೆಯಲಾಗಲಿಲ್ಲ. “ಅತ್ತೆ, ಅವನು ಒಳಗಿದ್ದಾಗ ಯಂತ್ರ ತಿರುಗಿಸ್ದೋಳೂ ನಾನೇ,” ಅಂದೆ. ಎಲ್ಲವನ್ನೂ ಹೇಳಿದೆ: ಪತ್ರ, ಸಾಕೆಟ್ಟು, ಬಿಲ್ಲೆ. ಅವರು ನನ್ನ ಕೈ ಬಿಟ್ಟರು.

“ಅವನಿಗೆ ಹೇಳಿದ್ಯಾ?”

“ಇಲ್ಲ.”

“ನನಗಲ್ಲ ಹೇಳ್ಬೇಕಾಗಿದ್ದು. ಒಳಗೆ ಹೋಗು.”

ಅವನು ಕಾಲನ್ನು ಎತ್ತರದಲ್ಲಿ ಕಟ್ಟಿಸಿಕೊಂಡು ಮಲಗಿದ್ದ. ಮುಖ ಊದಿಕೊಂಡು ಒಂದು ಕಣ್ಣು ಮುಚ್ಚಿಹೋಗಿತ್ತು. ನಾನು ಮಂಚದ ಪಕ್ಕ ನಿಂತೇ ಹೇಳಿದೆ. “ನಿನ್ನ ದನಿ ಕೇಳ್ದೆ ಬಿಲ್ಲೆ ಸರಿಸ್ಬಿಟ್ಟೆ ಕಣೋ. ನೀನು ಒಳಗಿದ್ದೆ, ನಾನು ಚಾಲೂ ಮಾಡ್ದೆ.”

“ಗೊತ್ತು,” ಅಂದ. ಗಂಟಲು ಪೂರಾ ಕೂತುಹೋಗಿತ್ತು. ಬರೀ ಗಾಳಿ ಬಂದ ಹಾಗೆ ಮಾತು. ನಾನು ಕಿವಿಯನ್ನು ಅವನ ಬಾಯಿಯ ಹತ್ತಿರ ತರಬೇಕಾಯಿತು.

“ಕೆಂಪು ಗುಂಡಿ ನನ್ನ ಕೈಗೆ ಸಿಗ್ತಿತ್ತು ಅತ್ತಿಗೆ.”

ನಾನು ಅವನ ಮುಖ ನೋಡಿದೆ.

“ತಲೆಯ ಹತ್ರಾನೇ ಇತ್ತು. ಒತ್ತಿದ್ರೆ ರೆಕ್ಕೆ ವಾಪಸ್ ಬರುತ್ತೆ, ಕಾಲು ಹೋಗುತ್ತೆ, ರಕ್ತ ಹೋಗಿ ನಾನೂ ಹೋಗ್ತೀನಿ. ಒತ್ತದೇ ಇರೋದು ನನ್ನ ಕೈಲಿತ್ತು. ಆದ್ರೆ ದಡದ ಗುಂಡಿ ನಿಮ್ಮ ಕೈಲಿತ್ತಲ್ಲ.” ನಿಲ್ಲಿಸಿ ಎಂಜಲು ನುಂಗಿಕೊಂಡ. “ಒಂದೊಂದು ಸುತ್ತಿಗೂ ಕೂಗ್ದೆ. ತಲೆ ಕೆಳಗಾದಾಗ್ಲೂ ಕೂಗ್ದೆ. ‘ಅತ್ತಿಗೆ ಒತ್ಬೇಡಿ, ಅತ್ತಿಗೆ ಒತ್ಬೇಡಿ’ ಅಂತ. ನಲವತ್ತು ಕಿಲೋಮೀಟರ್ ದೂರ, ಯಾರಿಗೆ ಕೇಳುತ್ತೆ? ಗೊತ್ತಿತ್ತು. ಆದ್ರೂ ಕೂಗ್ತಾನೇ ಇದ್ದೆ. ಅದಕ್ಕೇ ಗಂಟಲು ಹೀಗಾಗಿದೆ.”

ಎರಡು ತಿಂಗಳಲ್ಲಿ ಅವನು ನನ್ನೊಂದಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಮಂಚದ ಅಂಚಿನಲ್ಲಿ ಕೂತು, ಅವನ ಹಾಸಿಗೆಗೆ ಮುಖ ಒತ್ತಿ ಜೋರಾಗಿ ಅತ್ತುಬಿಟ್ಟೆ.